ಮನಸ್ಸು ಗಟ್ಟಿ ಇದ್ದರೆ ಡೆಂಗಿ ಬರೋದಿಲ್ವಾ?

ಮಳೆಗಾಲ ಬಂತೆಂದರೆ ಕಲಬುರಗಿಯ ವಾಟ್ಸಾಪ್ ಗುಂಪುಗಳಲ್ಲಿ ಹಳೆಯ ಮೆಸೇಜೊಂದು ಮತ್ತೆ ಓಡಾಡುತ್ತದೆ: ಮನಸ್ಸು ಗಟ್ಟಿ ಇದ್ದರೆ ಸಾಕು, ಡೆಂಗಿಗೂ ಡಾಕ್ಟರ್ ಬೇಡ. ಇದು ತಪ್ಪು. ಆದರೆ ಪೂರ್ತಿ ಗಾಳಿಮಾತೂ ಅಲ್ಲ, ಅದಕ್ಕೇ ಜನ ನಂಬುತ್ತಾರೆ.

ಮಿದುಳಿಗೂ ರೋಗನಿರೋಧಕ ಶಕ್ತಿಗೂ ನಂಟಿದೆ. ಜ್ವರ ಬಂದಾಗ ಬಿಸಿ ರೊಟ್ಟಿ, ಎಣ್ಣೆಗಾಯಿ ಮುಂದಿಟ್ಟರೂ ಬೇಡ ಅನಿಸುತ್ತದೆ ಅಲ್ವಾ? ರೋಗಾಣುವಿನ ಜೊತೆ ಹೋರಾಡುವ ಜೀವಕೋಶಗಳು ಸೈಟೊಕೈನ್ ಎಂಬ ಪ್ರೋಟೀನ್ ಬಿಡುತ್ತವೆ. ಆ ಸುದ್ದಿ ಮುಟ್ಟಿದ ಕೂಡಲೇ ಮಿದುಳು ಮೈಬಿಸಿ ಏರಿಸುತ್ತದೆ, ಹಸಿವು ತಗ್ಗಿಸುತ್ತದೆ, ಸುಮ್ನೆ ಮಲಗಿಸುತ್ತದೆ.

ಚಿಂತೆಯ ಪಾತ್ರವೂ ಇದೆ. 1991ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 394 ಆರೋಗ್ಯವಂತರ ಮೂಗಿಗೆ ನೆಗಡಿಯ ವೈರಸ್ ಹನಿ ಹಾಕಿದ್ದರು. ಒತ್ತಡ ಜಾಸ್ತಿ ಇದ್ದವರಿಗೆ ನೆಗಡಿ ಹೆಚ್ಚಾಗಿ ಹಿಡಿಯಿತು. ನಿರಾಳವಾಗಿದ್ದವರಲ್ಲೂ ಹಲವರು ಸೀನಿದರು! ಮೆಸೇಜು ಹೇಳದೆ ಬಿಟ್ಟಿರುವುದು ಇದನ್ನೇ.

ಇಂಥದ್ದು ಬಂದಾಗ ನೋಡಿ: ಯಾರ ಮೇಲೆ, ಯಾವಾಗ ಪರೀಕ್ಷಿಸಿದರು ಅಂತ ಇದೆಯಾ? ಔಷಧಿ ಬಿಡಿ ಅನ್ನುತ್ತದಾ? ಮೊದಲನೆಯದು ಇಲ್ಲದಿದ್ದರೆ, ಇಲ್ಲವೇ ಔಷಧಿ ಬಿಡಿ ಅಂದರೆ, ನಂಬಬೇಡಿ. ಕಳಿಸಿದವರ ಜೊತೆ ಜಗಳ ಬೇಡ, ಪಾಪ, ಕಾಳಜಿಯಿಂದಲೇ ಕಳಿಸಿರುತ್ತಾರೆ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಒಂದು ಮಾತು ಕೇಳಿ. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತಿಗೇ ವಿಪರೀತ ಹೊಟ್ಟೆನೋವು, ವಾಂತಿ, ವಸಡಿನಲ್ಲಿ ರಕ್ತ ಕಂಡರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು.