ಕ್ವಿಂಟಲ್ ತೊಗರಿಗೆ ಎಂಟು ರೂಪಾಯಿಯಂತೆ!

‘ಸಮಸ್ಯೆಯನ್ನು ಸಂಪೂರ್ಣವಾಗಿ ಬಗೆಹರಿಸಲಾಗಿದೆ’ ಎಂದು ನಮ್ಮ ಅಡತ ಲೆಕ್ಕದ ವೆಬ್ ಪುಟದ ಕೋಡ್ ತಿದ್ದುವ ಎಐ ಏಜೆಂಟ್ ಮತ್ತೆ ಬರೆದಿದೆ, ಹಸಿರು ಟಿಕ್ ಗುರುತಿನ ಸಮೇತ. ಏನನ್ನು ನೋಡಿ ಬರೆಯಿತು? ಪುಟ ತೆರೆಯಿತೇ, ಬಟನ್ ಒತ್ತಿತೇ? ಕೋಡ್ ಓದಿತು, ತನ್ನ ಪರೀಕ್ಷೆಯನ್ನು ತಾನೇ ಬರೆದುಕೊಂಡಿತು, ತಾನೇ ಪಾಸಾಯಿತು.

ಅವಮಾನವಾಗಿದ್ದು ಮಾತ್ರ ನನಗೆ. ಇವತ್ತು ಮಧ್ಯಾಹ್ನ ಕಲಬುರಗಿ ಗಂಜ್‌ನ ಅಡತ ಅಂಗಡಿಯಲ್ಲಿ ಸಾವುಕಾರರು ಗಾದಿಯ ಮೇಲೆ ಕುಳಿತಿದ್ದರು, ಪಕ್ಕದಲ್ಲಿ ಮುನೀಮರು, ಬಾಗಿಲಲ್ಲಿ ಪಟ್ಟಿಗಾಗಿ ಕಾದಿದ್ದ ರೈತರು. ದರದ ಜಾಗದಲ್ಲಿ 2025–26ರ ಬೆಂಬಲ ಬೆಲೆಯಾದ 8000, ತೂಕದ ಜಾಗದಲ್ಲಿ 50 ಕ್ವಿಂಟಲ್ ಎಂದು ತುಂಬಿ, ಬಹಳ ಠೀವಿಯಿಂದ ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿದೆ. ಒಟ್ಟು ಮೊತ್ತ 400 ರೂಪಾಯಿ. ಮುನೀಮರು ಕನ್ನಡಕವನ್ನು ಮೂಗಿನ ತುದಿಗಿಳಿಸಿ ಓದಿದರು; ಇನ್ನೊಮ್ಮೆ ಗಟ್ಟಿಯಾಗಿ ಓದಿದರು. “ಏನ್ರೀ ಸಾಹೇಬ್ರ, ತೊಗರಿ ಕ್ವಿಂಟಲಿಗಿ ಎಂಟು ರೂಪಾಯಿ ಆಗ್ಯಾದೇನು? ಹಂಗಿದ್ರ ಇಡೀ ಗಂಜ್ ನಾನೇ ಖರೀದಿ ಮಾಡ್ತೀನಿ.” ರೈತರೂ ನಕ್ಕರು. ಸಾವುಕಾರರು ನಗಲಿಲ್ಲ, ಕೆಂಪು ಬಟ್ಟೆಯ ಖಾತೆ ಪುಸ್ತಕವನ್ನು ಸುಮ್ಮನೆ ತಮ್ಮ ಕಡೆ ಎಳೆದುಕೊಂಡರು.

ಈ ತಪ್ಪಿಗೆಲ್ಲ ಕಾರಣ ಒಂದು ಅಲ್ಪವಿರಾಮ; ನಮ್ಮ ಕೋಡಿನಲ್ಲಿ ಎಷ್ಟು ಹುಡುಕಿದರೂ ಅದು ಸಿಗುವುದಿಲ್ಲ. ದರ ತುಂಬಿ ಮುಂದಿನ ಕಾಲಂಗೆ ಹೋದಾಗ, ಹೊರಗಿನಿಂದ ಲೋಡ್ ಆಗುವ ಬೇರೊಂದು ಸ್ಕ್ರಿಪ್ಟ್ 8000 ಅನ್ನು ‘8,000’ ಎಂದು ಸಿಂಗರಿಸುತ್ತದೆ. ಅಕ್ಷರಗಳನ್ನು ಸಂಖ್ಯೆಯಾಗಿ ಓದುವ ಜಾವಾಸ್ಕ್ರಿಪ್ಟಿನ ಪಾರ್ಸ್‌ಫ್ಲೋಟ್ ಅಲ್ಪವಿರಾಮ ಕಂಡಲ್ಲೇ ನಿಂತು 8 ಎಂದು ಕೊಡುತ್ತದೆ. ಎರರ್ ಇಲ್ಲ, ದೋಷ ತೋರಿಸುವ ಕನ್ಸೋಲ್ ಖಾಲಿ. ಏಜೆಂಟ್ ಬರೆದ ಪರೀಕ್ಷೆಯಲ್ಲಿ ದರ 500, ಅಲ್ಪವಿರಾಮವೇ ಬೇಡದ ಸಂಖ್ಯೆ! ಓಡುತ್ತಿರುವ ಪುಟದಲ್ಲಿ ಆ ಕಾಲಂನ ಮೌಲ್ಯವನ್ನು ಒಮ್ಮೆ ಕೇಳಿದ್ದರೆ ಸಾಕಿತ್ತು. ಏಜೆಂಟ್ ಕೇಳುವುದು ನನ್ನನ್ನು: ‘ಬ್ರೌಸರಿನಲ್ಲಿ ಏನು ಕಾಣುತ್ತಿದೆ, ದಯವಿಟ್ಟು ತಿಳಿಸಿ.’ ತಹಸೀಲ್ ಕಚೇರಿಯ ಮುಂದೆ ಕುಳಿತು ಪರರ ಅರ್ಜಿ ಬರೆದುಕೊಡುವವನಂತೆ ನಾನು ಪರದೆಯನ್ನು ನೋಡಿ ನೋಡಿ ಟೈಪ್ ಮಾಡುತ್ತೇನೆ. ಬಿ.ಇ. ಮಾಡಿದ್ದಕ್ಕೆ ಸಾರ್ಥಕವಾಯಿತು. ಅರ್ಜಿ ಬರೆಯುವವರಿಗೆ ಪುಟಕ್ಕಿಷ್ಟು ಎಂದಾದರೂ ಸಿಗುತ್ತದೆ.

ದಾರಿಯೇ ಇಲ್ಲದಿದ್ದರೆ ಸುಮ್ಮನಿರುತ್ತಿದ್ದೆ. ಓಡುತ್ತಿರುವ ಪುಟದ ಒಳಗನ್ನು ತೋರಿಸುವ ಕ್ರೋಮ್ ಡೆವ್‌ಟೂಲ್ಸ್‌ಗೆ ಏಜೆಂಟನ್ನು ಜೋಡಿಸುವ ಎಂಸಿಪಿ ಸರ್ವರನ್ನು (ಎಐ ಏಜೆಂಟಿಗೆ ಬೇರೆ ಸಾಧನಗಳನ್ನು ಒದಗಿಸುವ ಸೇತುವೆ) ಗೂಗಲ್ 2025ರ ಸೆಪ್ಟೆಂಬರ್‌ನಲ್ಲೇ ಹೊರತಂದಿದೆ. ಅದರ ಮೂಲಕ ಏಜೆಂಟ್ ತಾನೇ ಫಾರ್ಮ್ ತುಂಬಬಹುದು, ಕನ್ಸೋಲ್ ಮತ್ತು ನೆಟ್‌ವರ್ಕ್ ಕೋರಿಕೆಗಳನ್ನು ಓದಬಹುದು, ಪುಟದೊಳಗೆ ಸ್ಕ್ರಿಪ್ಟ್ ಓಡಿಸಿ ಮೌಲ್ಯ ನೋಡಬಹುದು. ನಮ್ಮ ಕಚೇರಿಯಲ್ಲಿ ಅನುಮತಿ ಇಲ್ಲ. ‘ಗ್ರಾಹಕರ ಲಾಗಿನ್ ಇರುವ ಬ್ರೌಸರನ್ನು ಅದರ ಕೈಗೆ ಕೊಡುವುದೇ?’ ಎನ್ನುತ್ತಾರೆ ಮ್ಯಾನೇಜರ್. ಆ ಭಯ ಸುಳ್ಳೆಂದು ನಾನೂ ಹೇಳಲಾರೆ. ಬ್ರೌಸರಿನಲ್ಲಿ ಇರುವುದೆಲ್ಲ ಏಜೆಂಟಿಗೆ ಕಾಣುತ್ತದೆ ಎಂದು ಆ ಸರ್ವರಿನ ದಾಖಲೆಯೇ ಎಚ್ಚರಿಸುತ್ತದೆ. ಹೋಗಲಿ, ಅವರ ಮಾತೇ ಸರಿ ಎಂದು ಬಿಟ್ಟುಬಿಡೋಣ ಎಂದುಕೊಂಡೆ. ಆದರೆ ಹೇಗೆ ಬಿಡುವುದು? ನಾನು ಕೇಳಿದ್ದು ಸಾವುಕಾರರ ಖಾತೆಯನ್ನಲ್ಲ, ಸುಳ್ಳು ಹೆಸರು, ಸುಳ್ಳು ತೂಕ ತುಂಬಿದ ಪ್ರತ್ಯೇಕ ಬ್ರೌಸರ್ ಪ್ರೊಫೈಲನ್ನು. ಕ್ರೋಮ್ 136ರಿಂದೀಚೆಗೆ ಕಮಾಂಡ್ ಸಾಲಿನಿಂದ ರಿಮೋಟ್ ಡೀಬಗ್ಗಿಂಗ್ ಪೋರ್ಟ್ (ಹೊರಗಿನ ಪ್ರೋಗ್ರಾಂ ಬ್ರೌಸರನ್ನು ನಡೆಸುವ ದಾರಿ) ತೆರೆಯಬೇಕೆಂದರೆ ಬೇರೆ ಪ್ರೊಫೈಲ್ ಫೋಲ್ಡರ್ ಕೊಡಲೇಬೇಕು, ದಿನಬಳಕೆಯ ಪ್ರೊಫೈಲಿನಲ್ಲಿ ಅದು ಹಾಗೆ ತೆರೆಯುವುದಿಲ್ಲ. ಇದನ್ನೆಲ್ಲ ಇಮೇಲ್‌ನಲ್ಲಿ ವಿವರವಾಗಿ ಬರೆದರೆ ಬಂದ ಉತ್ತರ ‘ನೋಡೋಣ’.

ನಿಮ್ಮಲ್ಲಿ ಯಾರಿಗಾದರೂ ಇದಕ್ಕೆ ಅನುಮತಿ ಸಿಕ್ಕಿದ್ದರೆ, ಯಾವ ಷರತ್ತಿನ ಮೇಲೆ ಸಿಕ್ಕಿತು, ಪತ್ರದಲ್ಲಿ ಏನು ಬರೆದಿರಿ ಎಂದು ತಿಳಿಸಿ. ಸೋಮವಾರ ಆ ಅಂಗಡಿಗೆ ಮತ್ತೆ ನಾನೇ ಹೋಗಬೇಕಂತೆ.