ನೀರಿನ ಕ್ಯಾನು ಹೊತ್ತ ಅಜ್ಜ

ಭಾನುವಾರ ಜೋಗಿಮಟ್ಟಿಗೆ ಹೋಗಿದ್ದೆ. 'ಮಳೆಕಾಡಿನಲ್ಲಿ ಗಿಡಮೂಲಿಕೆ ನಡಿಗೆ', ತಲೆಗೆ 500 ರೂಪಾಯಿ. ಚಿತ್ರದುರ್ಗದಲ್ಲಿ ಮಳೆಕಾಡು! ನಮ್ಮಲ್ಲಿ ಮಳೆ ಬಂದರೇ ದೊಡ್ಡ ಸುದ್ದಿ. ಬಂದರಿಕೆ ಗಿಡ, ಕಾರೆಮುಳ್ಳಿನ ಕುರುಚಲು ಕಾಡಿಗೆ ಈ ಹೆಸರಿಟ್ಟವರಿಗೆ ಕೈ ಮುಗಿಯಬೇಕು. ಹೋಗಲಿ ಬಿಡಿ, ನನ್ನ ಸಿಟ್ಟು ಅದಕ್ಕಲ್ಲ.

ಎಲ್ಲರ ಮುಂದೆ ಗೈಡು. ಎಲೆಗೆ ಮೊಬೈಲ್ ಹಿಡಿಯೋದು, ಲ್ಯಾಟಿನ್ ಹೆಸರು ಓದೋದು, ಮುಂದಕ್ಕೆ ನಡೆಯೋದು. ಎಲ್ಲರ ಹಿಂದೆ ಗೊಲ್ಲರಹಟ್ಟಿಯ ಒಬ್ಬ ಅಜ್ಜ. ನೀರಿನ ಕ್ಯಾನು ಹೊರೋಕೆ ಕರೆದಿದ್ದರಂತೆ.

ನನಗೋ ಮಂಡಿನೋವು. ನಾನೂ ಹಿಂದೆ ಉಳಿದೆ. ಅಜ್ಜ ಒಂದು ಬಳ್ಳಿಯಿಂದ ಎರಡು ಎಲೆ ಕಿತ್ತು, "ಅಗಿರಿ ಸ್ವಾಮಿ" ಅಂದರು. ಕಹಿ. ಆಮೇಲೆ ಜೇಬಿನಿಂದ ಒಂದು ಚೂರು ಬೆಲ್ಲ ಕೊಟ್ಟರು. ಬಾಯಲ್ಲಿ ಬರೀ ಮಣ್ಣು! ಸಿಹಿಯ ಸುಳಿವೇ ಇಲ್ಲ. ಮಧುನಾಶಿನಿ ಅದು. ನಾಲಿಗೆಗೆ ಸಿಹಿ ತಿಳಿಯದ ಹಾಗೆ ಸ್ವಲ್ಪ ಹೊತ್ತು ತಡೆದುಬಿಡುತ್ತೆ. ಮುಂದಿನವರು ಅದೇ ಬಳ್ಳಿಯ ಫೋಟೋ ತೆಗೆದು ಆಗಲೇ ದಾಟಿದ್ದರು.

ಸ್ವಲ್ಪ ಮೇಲೆ, ಬಂಡೆ ಸಂದಿಯಲ್ಲಿ ಮಾಗಳಿ ಬಳ್ಳಿ. ಬೇರಿನ ಉಪ್ಪಿನಕಾಯಿ ಹಾಕ್ತಾರಲ್ಲ, ಅದೇ. "ಬೇರು ಪೂರ್ತಿ ಅಗೀಬಾರ್ದು. ಒಂದಿಷ್ಟು ಬಿಟ್ರೆ ಮತ್ತೆ ಚಿಗುರ್ತೈತಿ. ಈಗಿನೋರು ಬುಡಸಮೇತ ಕೀಳ್ತಾರೆ." ಇದನ್ನ ಕೇಳಿಸಿಕೊಂಡವನು ನಾನೊಬ್ಬನೇ. ಅದೂ ಮಂಡಿನೋವಿನ ಪುಣ್ಯದಿಂದ!

ಒಂದೇ ಗಿಡಕ್ಕೆ ಊರಿಗೊಂದು ಹೆಸರು, ಲ್ಯಾಟಿನ್ ಬೇಕಲ್ವಾ ಅಂತ ಗೆಳೆಯ ವಾದ ಮಾಡಿದ. ಬೇಕು ಮಾರಾಯ, ಇಟ್ಟುಕೋ. ಆದರೆ ಹೆಸರು ಓದಿದವರಿಗೆ ತಲೆಗೆ 500, ಪಾಠ ಮಾಡಿದವರಿಗೆ ಒಂದು ಪ್ಲೇಟ್ ಪಲಾವ್. ಇದು ಯಾವ ಲೆಕ್ಕ?

ಕೇರಳದ ಅಗಸ್ತ್ಯ ಬೆಟ್ಟದಲ್ಲಿ ನಿಜವಾದ ಮಳೆಕಾಡಿದೆ. ಅಲ್ಲಿ 1987ರಲ್ಲಿ ಕಾಣಿ ಬುಡಕಟ್ಟಿನವರು ದಣಿದ ವಿಜ್ಞಾನಿಗಳಿಗೆ ಆರೋಗ್ಯಪಚ್ಚ ಅನ್ನೋ ಗಿಡದ ಕಾಯಿ ತಿನ್ನಿಸಿದರು. ಅದರಿಂದ 'ಜೀವನಿ' ಅನ್ನೋ ಔಷಧಿ ಬಂತು. ಲೈಸೆನ್ಸ್ ಹಣದಲ್ಲಿ, ರಾಯಲ್ಟಿಯಲ್ಲಿ ಅರ್ಧ ಕಾಣಿ ಜನರಿಗೆ ಅಂತ ಆಯ್ತು. ಅಲ್ಲೂ ತಕರಾರು ಇದ್ದವು. ಆದರೂ ಅವರ ಪಾಲು ಅಂತ ಒಂದು ಇತ್ತಲ್ಲ. ನಮ್ಮ ಅಜ್ಜನಿಗೆ ಕ್ಯಾನು.

ನಾನೇನು ಸಾಚಾ ಅಲ್ಲ. ಹೋದ ವರ್ಷ ಸಂತೆಯಲ್ಲಿ ಮಾಗಳಿ ಬೇರು ಮಾರುವ ಅಜ್ಜಿ ಹತ್ತಿರ ಇಪ್ಪತ್ತು ರೂಪಾಯಿಗೋಸ್ಕರ ಚೌಕಾಸಿ ಮಾಡಿ ಗೆದ್ದು ಬಂದಿದ್ದೆ. ಆ ಉಪ್ಪಿನಕಾಯಿ ಇನ್ನೂ ಜಾಡಿಯಲ್ಲಿದೆ. ತಿಗಣೆ ವಾಸನೆ ಅಂತ ಮಕ್ಕಳು ಹತ್ತಿರ ಸುಳಿಯಲ್ಲ. ನಿನ್ನೆ ರಾತ್ರಿ ಮೊಸರನ್ನದ ಜೊತೆ ಎರಡು ಹೋಳು ಹಾಕಿಕೊಂಡೆ. ಯಾಕೋ ಒಂದನ್ನ ತಟ್ಟೆಯಲ್ಲೇ ಬಿಟ್ಟೆ.