ದೊಡ್ಡಮ್ಮನನ್ನು ಯಾರೂ ಕೇಳಲಿಲ್ಲ

ಇಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನಮ್ಮ ಪಕ್ಕದ ಮನೆಯ ಅಜ್ಜನಿಗೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ. ಹೆಂಡತಿ ಇರುವುದು ಬೇರೆ ಊರಲ್ಲಿ. ಡೈವೋರ್ಸ್ ಆಗಿಲ್ಲ, ಆದರೆ ಮಾತು ಬಿಟ್ಟು ಎಷ್ಟೋ ವರ್ಷ. ನಮ್ಮ ನಗರಸಭೆಯಂಥ ಕೌನ್ಸಿಲ್‌ನ ಸೋಷಿಯಲ್ ವರ್ಕರ್ ಆಕೆಯನ್ನು ಬೇರೆಯಾಗಿ ಕೂರಿಸಿಕೊಂಡು, ‘ನೋಡಿಕೊಳ್ಳಲು ನಿಮ್ಮಿಂದ ಆಗುತ್ತಾ? ಮನಸ್ಸಿದೆಯಾ?’ ಎಂದು ಕೇಳಿದರಂತೆ. ಆಕೆ ಇಲ್ಲ ಅಂದರಂತೆ. ಅಷ್ಟೇ! ಯಾರೂ ಮುಖ ಸಿಂಡರಿಸಲಿಲ್ಲ.

ಇಂಗ್ಲೆಂಡಿನಲ್ಲಿ ಹಾಗೆ ಕೇಳುವುದು ಕಾನೂನು. 2014ರ ಕೇರ್ ಆ್ಯಕ್ಟ್ ಪ್ರಕಾರ ನೋಡಿಕೊಳ್ಳುವವರಿಗೆ ಶಕ್ತಿ ಇದೆಯಾ, ಇಷ್ಟ ಇದೆಯಾ, ಎರಡನ್ನೂ ವಿಚಾರಿಸಬೇಕು. ಗಂಡನ ಕೇರ್ ಹೋಮ್ (ವಯಸ್ಸಾದವರನ್ನು ಇಟ್ಟು ನೋಡಿಕೊಳ್ಳುವ ಮನೆ) ಖರ್ಚಿಗೆ ಹೆಂಡತಿಯ ಸ್ವಂತ ದುಡ್ಡನ್ನು ಲೆಕ್ಕ ಹಿಡಿಯುವುದಿಲ್ಲ.

ನನಗೆ ಅರಸೀಕೆರೆಯ ದೊಡ್ಡಮ್ಮ ನೆನಪಾದರು. ದೊಡ್ಡಪ್ಪ ಕೈ ಮಾಡುತ್ತಿದ್ದರು. ತಾಳಲಾರದೆ ತವರಿಗೆ ಬಂದವರು ಅಲ್ಲೇ ಉಳಿದರು. ಮದುವೆ ಮನೆಗಳಲ್ಲಿ ದೊಡ್ಡಪ್ಪ ಚಪ್ಪರದಲ್ಲಿದ್ದರೆ ದೊಡ್ಡಮ್ಮ ಅಡುಗೆಮನೆ ಕಡೆ. ವಯಸ್ಸಾದ ಮೇಲೆ ದೊಡ್ಡಪ್ಪ ಎಂದೋ ಮಾರಿದ ಅಂಗಡಿಗೆ ಹೋಗಿ ಶಟರ್ ಎತ್ತಲು ಶುರು ಮಾಡಿದರು. ಅರಳು ಮರಳು ಅಂದರು, ನಕ್ಕರು. ಮನೆ ದಾರಿಯೇ ತಪ್ಪತೊಡಗಿದಾಗ ನೆಂಟರೆಲ್ಲ ಸೇರಿ, ಕಾಫಿ ಕುಡಿದು, ತೀರ್ಮಾನ ಮಾಡಿಬಿಟ್ಟರು. “ಹೋಗಮ್ಮ, ಎಷ್ಟಾದ್ರೂ ತಾಳಿ ಕಟ್ಟಿದೋನು.” ನಮ್ಮಲ್ಲೂ ಕಾಯ್ದೆ ಇದೆ, 2007ರದ್ದು. ಹೆತ್ತವರನ್ನು ನೋಡಿಕೊಳ್ಳುವ ಹೊಣೆಯನ್ನು ಅದು ಮಕ್ಕಳ ಮೇಲೆ ಹಾಕುತ್ತದೆ. ಬೆಂಗಳೂರಿನಿಂದ ಬಂದಿದ್ದ ಮಗ ‘ನಮ್ಮ ಫ್ಲ್ಯಾಟ್ ಚಿಕ್ಕದು’ ಅಂದ.

ಹಳೆಯದು ಉಳಿದು ಹೊಸದು ಮೊದಲು ಅಳಿಸಿಹೋಗುವ ಕಾಯಿಲೆ ಇದು. ದೊಡ್ಡಪ್ಪನ ತಲೆಯಲ್ಲಿ ಉಳಿದದ್ದು ಮದುವೆಯಾದ ಹೊಸತು. “ಊಟ ಆಯ್ತೇನೇ?” ಎಂದು ಮೆತ್ತಗೆ ಕೇಳುತ್ತಿದ್ದರಂತೆ. ನೆಂಟರು ಕಣ್ಣೊರೆಸಿಕೊಂಡು, ನೋಡಿ ಎಂಥ ಪ್ರೀತಿ, ಅಂದರು. ದೊಡ್ಡಮ್ಮ ಫೋನಿನಲ್ಲಿ ಹೇಳಿದ್ದೇ ಬೇರೆ. “ಅವರಿಗೆ ಮರೆತೋಯ್ತು ಕಣಪ್ಪ, ನನಗೆ ಎಲ್ಲಾ ಜ್ಞಾಪಕ ಇದೆ. ಯಾಕೆ ಹೊಡೆದೆ ಅಂತ ಕೇಳೋಣ ಅಂದ್ರೆ, ಹೊಡೆದೋನೇ ಈಗ ಇಲ್ಲ.” ಜಗಳ ಮುಗಿಸುವ ಅವಕಾಶವೂ ಅವರಿಗೆ ಸಿಗಲಿಲ್ಲ. ಬೆಳಗಾದರೆ ಸ್ನಾನ, ಮಾತ್ರೆ, ಒದ್ದೆ ಪಂಚೆ. ಇದನ್ನು ಸಂಸ್ಕೃತಿ ಅಂತ ಹೊಗಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಹಾಗಂತ ಇಲ್ಲಿನದೆಲ್ಲ ಚಿನ್ನವಲ್ಲ. ಉಳಿತಾಯ 23,250 ಪೌಂಡ್ ದಾಟಿದ್ದರೆ ಕೇರ್ ಹೋಮ್ ಬಿಲ್ ಪೂರ್ತಿ ತಾವೇ ಕಟ್ಟಬೇಕು. ಪಕ್ಕದ ಮನೆಯ ಅಜ್ಜ ಈಗ ಅಲ್ಲೇ ಇದ್ದಾರೆ. ನೋಡಲು ಹೋಗುವವರು ಕಡಿಮೆ. ದೊಡ್ಡಪ್ಪ ಬಸ್ ಸ್ಟ್ಯಾಂಡ್ ಕಡೆ ಹೊರಟರೆ ಬೀಡಾ ಅಂಗಡಿಯವನೇ ಕೈ ಹಿಡಿದು ಮನೆಗೆ ತಂದುಬಿಡುತ್ತಿದ್ದ. ಅಷ್ಟು ಒಪ್ಪಬೇಕು.

ಇನ್ನೊಂದನ್ನೂ ಒಪ್ಪುತ್ತೇನೆ. ಕೇಳಿದ್ದರೂ ದೊಡ್ಡಮ್ಮ ಬಹುಶಃ ಹೋಗುತ್ತಿದ್ದರು. ಆದರೆ ಸುಮ್ನೆ ಹೋಗುತ್ತಿರಲಿಲ್ಲ. ರಾತ್ರಿಗೊಬ್ಬ ಆಳು ಬೇಕು, ತಿಂಗಳಿಗೆ ನಾಲ್ಕು ದಿನ ತವರಿಗೆ ಬರುತ್ತೇನೆ, ಮಗ ಇಷ್ಟು ದುಡ್ಡು ಕಳಿಸಬೇಕು ಎಂದು ಆ ನೆಂಟರ ಎದುರಿಗೇ ಹೇಳಿ ಹೋಗುತ್ತಿದ್ದರು.